ಹೋಗೋಣ ಅಂತಿದ್ದೇನೆ

ಫೆಬ್ರವರಿ 3

ಪ್ರೀತಿಯ ಮೆಣಸು,

ನಿನ್ನ ಕಾಗದ ಬಂದು ವಾರದ ಮೇಲಾಯಿತು. ಉತ್ತರ ತಡವಾಯಿತು ಅಂತ ಮುಖ ಊದಿಸಿಕೊಳ್ಳಬೇಡ, ಲ್ಯಾಬಿನಲ್ಲಿ ಉಸಿರಾಡುವುದಕ್ಕೂ ಪುರುಸೊತ್ತಿಲ್ಲ. ಊರಿನಲ್ಲಿ ಹಲ್ಲಿನ ಡಾಕ್ಟರುಗಳು ಹೆಚ್ಚಾದರೋ, ಹಲ್ಲು ಉದುರುವವರು ಹೆಚ್ಚಾದರೋ ತಿಳಿಯದು. ನನ್ನ ಮೇಜಿನ ಮೇಲೆ ಯಾರ್ಯಾರದೋ ದವಡೆಯ ಅಚ್ಚುಗಳು ಸಾಲಾಗಿ ಬಾಯಿ ತೆರೆದುಕೊಂಡು ಕೂತಿವೆ. ನಿನ್ನೆ ಒಬ್ಬ ಅಜ್ಜಿಯ ಸೆಟ್ಟು ವಾಪಸು ಬಂತು. ಚೆನ್ನಾಗಿ ಕೂರುತ್ತದೆ, ನೋವೂ ಇಲ್ಲ, ಆದರೆ ಹಲ್ಲು ತೀರ ಸಾಲಾಗಿದೆಯಂತೆ, ಗೆಳತಿಯರು ನಂಬುವುದಿಲ್ಲವಂತೆ. ಮುಂದಿನ ಒಂದು ಹಲ್ಲನ್ನು ಸ್ವಲ್ಪ ಸೊಟ್ಟ ಮಾಡಿ ಕಳಿಸಿದೆ.

ಈ ಕಾಗದದ ವ್ಯವಹಾರ ನನಗೆ ಹಿಡಿಸಿದೆ. ಫೋನಿನಲ್ಲಾದರೆ ಕ್ಷೇಮಸಮಾಚಾರ ಮುಗಿಯುವ ಮೊದಲೇ ನಮಗೆ ಜಗಳ. ಕಾಗದದಲ್ಲಿ ಜಗಳ ಹೋಗಿ ಮುಟ್ಟುವುದಕ್ಕೇ ಮೂರು ನಾಲ್ಕು ದಿನ ಬೇಕು, ಅಷ್ಟರಲ್ಲಿ ಕೋಪ ಆರಿರುತ್ತದೆ. 'ಇನ್ಮೇಲೆ ನನಗೆ ಫೋನ್ ಮಾಡ್ಬೇಡ, ಏನಿದ್ರೂ ಬರೆದು ಕಳಿಸು' ಅಂತ ನೀನು ಸಿಟ್ಟಿನಲ್ಲಿ ಹೇಳಿದ್ದು ಒಳ್ಳೆಯದೇ ಆಯಿತು.

ಒಂದು ಸುದ್ದಿ. ಮೇ ತಿಂಗಳಲ್ಲಿ ನಾವು ನಾಲ್ಕು ದಿನ ನೀರೂರಿಗೆ ಹೋಗೋಣ ಅಂತಿದ್ದೇನೆ. ಹೌದು, ಅದೇ ನೀರೂರು. ನಮ್ಮ ಬಿಸ್ಕತ್ತಿನ ಡಬ್ಬದ ಮುಚ್ಚಳದ ಮೇಲಿತ್ತಲ್ಲ, ಬೀದಿ ಇರಬೇಕಾದ ಕಡೆಯೆಲ್ಲ ಕಾಲುವೆ, ಮನೆ ಬಾಗಿಲಿಗೇ ದೋಣಿ. ಯುರೋಪಿಗೆ ಹೋದವರೆಲ್ಲ ಅಲ್ಲಿ ನಿಂತು ಒಂದು ಫೋಟೋ ತೆಗೆಸಿಕೊಂಡೇ ಬರುವುದು. ಅದಕ್ಕೊಂದು ನಿಜವಾದ ಹೆಸರಿದೆ ಅಂತ ನಮಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಗೊತ್ತಾದ ಮೇಲೂ ನನ್ನ ಬಾಯಲ್ಲಿ ನೀರೂರೇ. ನಾದಿನಿ ಕಂಪ್ಯೂಟರಿನ ಮುಂದೆ ಕೂತು ಒಂದು ರೂಮು ಹುಡುಕಿದ್ದಾಳೆ. ಮೂರನೇ ಮಹಡಿ, ಎರಡು ಹಾಸಿಗೆ, ಒಂದು ಕಿಟಕಿಗೆ ತಾಗಿಯೇ ಇದೆ, ಕೆಳಗೆ ಕಾಲುವೆ. ಡಬ್ಬ ನಿನ್ನ ಹತ್ತಿರ ಇದೆಯಲ್ಲ, ಮುಚ್ಚಳದ ಮೇಲಿನ ಸೇತುವೆಗೆ ಎಷ್ಟು ಕಮಾನು ಅಂತ ನೋಡಿ ಬರಿ. ಆ ಸೇತುವೆಯನ್ನು ಹುಡುಕಿ ನೋಡಬೇಕು ಅಂತ ಆಸೆ.

ಅಕ್ಕ


ಫೆಬ್ರವರಿ 9

ಅಕ್ಕಾ,

ನಿನ್ನ ಕಾಗದವನ್ನು ಅಂಗಡಿಯ ಶೋಕೇಸಿನೊಳಗೆ ನಿಂತೇ ಓದಿದೆ. ಬೊಂಬೆಗೆ ಕೋಟು ತೊಡಿಸುತ್ತಿದ್ದೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದೆ, ಪುಣ್ಯಕ್ಕೆ ನುಂಗಲಿಲ್ಲ. ಗಾಜಿನ ಆಚೆ ರಸ್ತೆಯಲ್ಲಿ ಒಬ್ಬರು ನಿಂತು ನೋಡುತ್ತಿದ್ದರು. ಇಷ್ಟು ಬೊಂಬೆಗಳ ನಡುವೆ ಇದೊಂದು ಮಾತ್ರ ಯಾಕೆ ಕುಣಿಯುತ್ತಿದೆ ಅಂತ ಅವರಿಗೆ ಅನ್ನಿಸಿರಬೇಕು.

ನಾವು ನೀರೂರಿಗೆ ಹೋಗುವುದು. ನೀನು ಮರೆತೇಬಿಟ್ಟಿದ್ದೀಯ ಅಂದುಕೊಂಡಿದ್ದೆ. ಅವತ್ತೇ ಮ್ಯಾನೇಜರ್ ಹತ್ತಿರ ಹೋಗಿ ರಜೆ ಕೇಳಿದೆ. 'ಬೇಸಿಗೆ ವ್ಯಾಪಾರದ ಹೊತ್ತಿಗೇ ನಿಮಗೆ ರಜೆ ಬೇಕಾ?' ಅಂದರು. 'ಬೊಂಬೆಗಳು ನಾಲ್ಕು ದಿನ ಹಳೇ ಬಟ್ಟೇಲಿದ್ರೆ ಯಾರೂ ಮದುವೆ ಮುರ್ಕೊಳ್ಳಲ್ಲ ಸರ್' ಅಂದೆ. ನಗು ತಡೆಯಲಾರದೆ ಸಹಿ ಹಾಕಿದರು. ಸಂಜೆ ಹೋಗಿ ನಡೆದಾಡಲು ಹೊಸ ಶೂ ತಂದೆ. ಮನೆಯೊಳಗೆ ಹಾಕಿಕೊಂಡು ಓಡಾಡಿ ಪಳಗಿಸುತ್ತಿದ್ದೇನೆ.

ನಿಜ ಹೇಳಲಾ? ನನಗೆ ಹೆಚ್ಚು ಖುಷಿಯಾದದ್ದು ನೀರೂರಿಗಲ್ಲ, ನೀನು 'ನಾವು' ಅಂತ ಬರೆದೆಯಲ್ಲ, ಅದಕ್ಕೆ. ಭಾವ ತೀರಿಕೊಂಡ ಮೇಲೆ ಈ ಮೂರು ವರ್ಷ ನಿನ್ನ ಬಾಯಲ್ಲಿ ಒಂದೇ ಜಪ, ನಾದಿನಿ ಹಾಗಂದಳು, ನಾದಿನಿ ಹೀಗೆ ಮಾಡಿದಳು. ಒಂದು ತಿಂಗಳು ಇದ್ದು ಹೋಗ್ತೀನಿ ಅಂತ ಬಂದವಳು ಈಜು ಕಲಿಸುವ ಕೆಲಸವನ್ನೂ ನಿನ್ನ ಊರಿನಲ್ಲೇ ಹುಡುಕಿಕೊಂಡು ಬೇರು ಬಿಟ್ಟಳು. ಭಾವನ ತಂಗಿ ನಿನಗೆ ತಂಗಿಯಾದಳು, ಬೆನ್ನಿಗೆ ಬಿದ್ದ ತಂಗಿ ಪೋಸ್ಟಿನಲ್ಲಿ ಬರುವವಳಾದಳು ಅಂತ ಒಳಗೊಳಗೇ ಕುದಿಯುತ್ತಿದ್ದೆ. ಈಗ ಮನಸ್ಸು ತಣ್ಣಗಾಯಿತು. ರೂಮು ಹುಡುಕಿಕೊಟ್ಟದ್ದಕ್ಕೆ ಅವಳಿಗೆ ಥ್ಯಾಂಕ್ಸ್ ಹೇಳು. ಬರುವಾಗ ಒಂದು ಕೀಚೈನು ತಂದುಕೊಟ್ಟರಾಯಿತು.

ಸೇತುವೆಗೆ ಒಂದೇ ಕಮಾನು. ಡಬ್ಬ ಎದುರಿಗೇ ಇದೆ. ನಮ್ಮ ಆಟ ನೆನಪಿದೆಯಾ, ಮಂಚವೇ ದೋಣಿ, ನೆಲವೆಲ್ಲ ನೀರು. ನೀನು ಪೊರಕೆ ಹಿಡಿದು ಹುಟ್ಟು ಹಾಕುವುದು, ನಾನು ದಿಂಬಿಗೆ ಒರಗಿಕೊಂಡು 'ದೋಣಿಯವನೇ, ಸ್ವಲ್ಪ ಬೇಗ' ಅನ್ನುವುದು. ಎಷ್ಟು ಚೆನ್ನಾಗಿತ್ತು.

ಕಿಟಕಿ ಪಕ್ಕದ ಹಾಸಿಗೆ ನನ್ನದು. ಆಮೇಲೆ ತಕರಾರು ಬೇಡ ಅಂತ ಈಗಲೇ ಹೇಳಿಬಿಟ್ಟಿದ್ದೇನೆ.

ನಿನ್ನ ಮೆಣಸು


ಫೆಬ್ರವರಿ 26

ಮೆಣಸು,

ನಿನ್ನ ಕಾಗದ ಬಂತು, ಓದಿದೆ.

ರಜೆ ಸಿಕ್ಕಿಯೇ ಬಿಟ್ಟಿತಾ? ಮ್ಯಾನೇಜರ್ ಆಮೇಲೆ ಮನಸ್ಸು ಬದಲಾಯಿಸುವವರಲ್ಲ ತಾನೇ? ಕೆಲಸಕ್ಕೆ ತೊಂದರೆ ಮಾಡಿಕೊಂಡು ಏನೂ ಮಾಡಬೇಡ. ಶೂ ಹಾಕಿಕೊಂಡು ರಸ್ತೆಗೆ ಇಳಿಯದಿದ್ದರೆ ಅಂಗಡಿಯವರು ವಾಪಸು ತೆಗೆದುಕೊಳ್ಳುತ್ತಾರೆ ಅಂತ ಕೇಳಿದ್ದೇನೆ. ಮೇ ತಿಂಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲವಂತೆ, ಜನವೋ ಜನ. ಸೇತುವೆಗೆಲ್ಲ ಮೆಟ್ಟಿಲಂತೆ, ಹತ್ತುವುದು ಇಳಿಯುವುದೇ ಕೆಲಸವಂತೆ. ನಿನ್ನ ಮಂಡಿ ಹೇಗಿದೆ?

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಾದಿನಿ ನಿನ್ನೆ ಒಂದು ಅಗಲ ಅಂಚಿನ ಟೋಪಿ ತಂದಳು, ನೀಲಿ ರಿಬ್ಬನ್ನಿನದು. ಮನೆಯೊಳಗೂ ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದಾಳೆ, ಪಾತ್ರೆ ತೊಳೆಯುವಾಗಲೂ. ನಕ್ಕು ಸಾಕಾಯಿತು.

ಬರೆಯಬೇಕಾದದ್ದು ಇನ್ನೂ ಇತ್ತು. ಅಚ್ಚು ಒಣಗುತ್ತಿದೆ, ಹೋಗಬೇಕು.

ಅಕ್ಕ


ಮಾರ್ಚ್ 4

ಅಕ್ಕಾ,

ನನ್ನ ಮಂಡಿಗೆ ಏನಾಗಿದೆ? ಬೊಂಬೆಗಳನ್ನು ಹೆಗಲ ಮೇಲೆ ಹೊತ್ತುಕೊಂಡು ದಿನವಿಡೀ ಗೋದಾಮಿನ ಮೆಟ್ಟಿಲು ಹತ್ತಿಳಿಯುವವಳು ನಾನು. ಮಂಡಿಯ ಮಾತು ಬಿಡು, ಟೋಪಿಯ ಮಾತಿಗೆ ಬಾ.

ಅವಳಿಗೆ ಟೋಪಿ ಯಾಕೆ? ತಲೆಗೆ ರಬ್ಬರ್ ಟೋಪಿ ಸಿಕ್ಕಿಸಿಕೊಂಡು ಈಜುಕೊಳದ ದಡದಲ್ಲಿ ಸೀಟಿ ಊದುವವಳಿಗೆ ಇದ್ದಕ್ಕಿದ್ದಂತೆ ಅಗಲ ಅಂಚು ಬೇಕಾಯಿತು, ಅದಕ್ಕೊಂದು ನೀಲಿ ರಿಬ್ಬನ್ನು ಬೇರೆ. ಬಟ್ಟೆಬರೆಯ ವಿಷಯದಲ್ಲಿ ನನ್ನ ಕಿವಿಗೆ ಹೂವಿಡಬೇಡ. ಅದು ಪ್ರವಾಸ ಹೊರಟವರ ಟೋಪಿ. ಅಂಥದನ್ನು ಬೊಂಬೆಯ ತಲೆಗಿಟ್ಟು ಜನರ ಬಾಯಲ್ಲಿ ನೀರೂರಿಸುವುದೇ ನನ್ನ ಹೊಟ್ಟೆಪಾಡು.

ಏನು ನಡೆದಿದೆ ಅಂತ ನಾನೇ ಹೇಳುತ್ತೇನೆ. ನಾವಿಬ್ಬರು ಹೊರಟದ್ದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. 'ಅತ್ತಿಗೆ, ನಾನೂ ಬರ್ಲಾ' ಅಂದಿರುತ್ತಾಳೆ, ಮುಖ ಸಣ್ಣದು ಮಾಡಿಕೊಂಡು. ನಿನಗೆ ಇಲ್ಲ ಅನ್ನುವ ನಾಲಿಗೆಯನ್ನು ದೇವರು ಕೊಟ್ಟಿಲ್ಲ. 'ಬಾ' ಅಂದಿರುತ್ತೀಯ. ಈಗ ಅದನ್ನು ನನಗೆ ಹೇಗೆ ಹೇಳುವುದು ಅಂತ ತಿಳಿಯದೆ ಮಂಡಿ, ಮೆಟ್ಟಿಲು ಅಂತ ಸುತ್ತಿ ಬಳಸುತ್ತಿದ್ದೀಯ.

ಹೊಟ್ಟೆಕಿಚ್ಚು ಅನ್ನುತ್ತೀಯ, ಅನ್ನು. ಹೌದು, ಹೊಟ್ಟೆಕಿಚ್ಚೇ. ಹೋದ ವರ್ಷ ನಿನ್ನ ಮನೆಗೆ ಬಂದಾಗ ಟೀ ಮಾಡಲು ಹೋಗಿ ಸಕ್ಕರೆ ಎಲ್ಲಿದೆ ಅಂತ ಕಪಾಟೆಲ್ಲ ತಡಕಾಡಿದೆ. ಅವಳು ಈ ಕಡೆ ತಿರುಗಿಯೂ ನೋಡದೆ ಕೈಚಾಚಿ ತೆಗೆದುಕೊಟ್ಟಳು. 'ಇಲ್ಲಿದೆ, ತಗೊಳ್ಳಿ' ಅಂದಳು, ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ. ಅವತ್ತಿನ ಟೀಗೆ ನಾನು ಸಕ್ಕರೆಯನ್ನೇ ಹಾಕಿಕೊಳ್ಳಲಿಲ್ಲ. ನನ್ನ ಅಕ್ಕನ ಅಡುಗೆಮನೆಯಲ್ಲಿ ನಾನು ನೆಂಟಳಾ? ನೀನು ಯಾವ ಪಕ್ಕಕ್ಕೆ ತಿರುಗಿ ಮಲಗಿದರೆ ಕೆಮ್ಮು ಬರುತ್ತದೆ ಅಂತ ಕೂಡ ಅವಳಿಗೆ ಗೊತ್ತು. ನನಗೆ ಅದು ಗೊತ್ತಿಲ್ಲ, ನಮ್ಮ ಕಾಲದಲ್ಲಿ ನಿನಗೆ ಕೆಮ್ಮೇ ಇರಲಿಲ್ಲ.

ಎರಡು ಹಾಸಿಗೆಯ ರೂಮು. ಮೂರನೆಯವಳು ಎಲ್ಲಿ ಮಲಗುತ್ತಾಳೆ, ಕಾಲುವೆಯಲ್ಲಾ? ಹೇಗೂ ಈಜು ಬರುತ್ತದಲ್ಲ. ನೀನೇ ಬಾಯಿಬಿಟ್ಟು ಅವಳಿಗೆ ಬೇಡ ಅನ್ನು. ನಿನ್ನ ಕೈಲಾಗದಿದ್ದರೆ ನಾನು ಹೇಳುತ್ತೇನೆ.

ಮೆಣಸು


ಮಾರ್ಚ್ 13

ಮೆಣಸು,

ನೀನು ಊಹಿಸಿದಂತೆ ಅವಳು ಏನೂ ಕೇಳಲಿಲ್ಲ. ಮುಖವನ್ನೂ ಸಣ್ಣದು ಮಾಡಲಿಲ್ಲ. ಅವಳನ್ನು ಅನ್ನಬೇಡ, ನಿನಗೆ ಕೈಮುಗಿಯುತ್ತೇನೆ.

ಮೂವರೂ ಹೋದರೆ ಹೇಗೆ? ಅದೇ ಹೋಟೆಲಿನಲ್ಲಿ ಮೂರು ಹಾಸಿಗೆಯ ರೂಮು ಒಂದು ಖಾಲಿ ಇದೆಯಂತೆ. ಹಿಂಬದಿಗೆ ಇದೆ, ಕಾಲುವೆ ಕಾಣುವುದಿಲ್ಲ, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಹಗಲೆಲ್ಲ ಹೊರಗೇ ಸುತ್ತುವವರಿಗೆ ರಾತ್ರಿ ಗೋಡೆಯಾದರೇನು, ಕಾಲುವೆಯಾದರೇನು? ನಾನು ನಡುವೆ ಮಲಗುತ್ತೇನೆ.

ನೀನು ಒಪ್ಪಿದರೆ ಎಲ್ಲ ಸುಲಭವಾಗುತ್ತದೆ. ದಯವಿಟ್ಟು ಒಪ್ಪಿಕೋ.

ಅಕ್ಕ


ಮಾರ್ಚ್ 18

ಅಕ್ಕಾ,

ಒಪ್ಪುವುದಿಲ್ಲ.

ಅಷ್ಟು ದೂರ ಹೋಗಿ ಗೋಡೆ ನೋಡಬೇಕಾ? ಗೋಡೆ ನನ್ನ ಮನೆಯಲ್ಲೇ ನಾಲ್ಕಿವೆ. ನನ್ನ ಮಲಗುವ ಕೋಣೆಯ ಕಿಟಕಿ ತೆರೆದರೆ ಎದುರು ಮನೆಯ ಪೈಪು ಕಾಣುತ್ತದೆ, ಅದನ್ನೇ ಕಾಲುವೆ ಅಂದುಕೊಂಡು ಇಲ್ಲೇ ಇರುತ್ತೇನೆ. ಬಿಸ್ಕತ್ತಿನ ಡಬ್ಬ ಅವಳದಲ್ಲ, ಮಂಚದ ದೋಣಿಯಲ್ಲಿ ಅವಳು ಕೂತಿರಲಿಲ್ಲ. ನೀರೂರು ಅನ್ನುವ ಹೆಸರನ್ನು ಅವಳ ಬಾಯಲ್ಲಿ ಹಾಕಿದ್ದೇ ನೀನು ಮಾಡಿದ ಮೊದಲ ಅನ್ಯಾಯ. ಆ ಹೆಸರು ನಮ್ಮಿಬ್ಬರದಾಗಿತ್ತು.

ಭಾವನ ತಂಗಿ ಅಂತ ಅವಳಿಗೆ ಮರ್ಯಾದೆ ಕೊಡು, ಊಟ ಹಾಕು, ಮನೆಯಲ್ಲಿ ಇಟ್ಟುಕೋ. ನಾನು ಬೇಡ ಅಂದೆನಾ? ವರ್ಷವೆಲ್ಲ ನೀನು ಅವಳ ಪಾಲಿಗೇ ಇದ್ದೀಯ. ಒಂದು ನಾಲ್ಕು ದಿನ ನನಗೆ ಬಿಟ್ಟುಕೊಟ್ಟರೆ ಅವಳ ಗಂಟೇನು ಹೋಗುತ್ತದೆ?

ನಿನ್ನ ಕೈಲಿ ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಅದಕ್ಕೇ ಈ ಕಾಗದದ ಜೊತೆಗೆ ಅವಳ ಹೆಸರಿಗೂ ಒಂದು ಹಾಕಿದ್ದೇನೆ. ಬೈದಿಲ್ಲ, ಹೆದರಬೇಡ. ಬಹುವಚನದಲ್ಲೇ ಬರೆದಿದ್ದೇನೆ.

ಮೆಣಸು


ಮಾರ್ಚ್ 27

ಮೆಣಸು,

ನೀನು ಅವಳಿಗೆ ಬರೆದ ಕಾಗದವನ್ನು ನಾದಿನಿ ಅಡುಗೆಮನೆಯಲ್ಲಿ ನಿಂತು ಓದಿದಳು. ಓದಿ, ಮಡಿಸಿ ನನ್ನ ಕೈಗೆ ಕೊಟ್ಟಳು. ಒಳಗೆ ಹೋಗಿ ಟೋಪಿಯನ್ನು ಕಪಾಟಿನ ಮೇಲೆ, ಸೂಟ್‌ಕೇಸಿನ ಹಿಂದಕ್ಕೆ ಇಟ್ಟು ಬಂದಳು. 'ಅತ್ತಿಗೆ, ನೀವಿಬ್ರೂ ಹೋಗಿ ಬನ್ನಿ. ನನಗೆ ಆಗ ಕೊಳದಲ್ಲಿ ಹೊಸ ಬ್ಯಾಚ್ ಶುರುವಾಗುತ್ತೆ' ಅಂದಳು. ಹೊಸ ಬ್ಯಾಚು ಶುರುವಾಗುವುದು ಜೂನಿನಲ್ಲಿ. 'ಇದು ಅಕ್ಕತಂಗಿಯರ ಪ್ರವಾಸ, ದಯವಿಟ್ಟು ನಡುವೆ ಬರಬೇಡಿ' ಅಂತ ಬರೆದಿದ್ದೀಯಲ್ಲ, ಬಹುವಚನ ಹಾಕಿದರೆ ಆ ಮಾತಿನ ಮೊನೆ ಮುರಿಯುತ್ತದೆ ಅಂದುಕೊಂಡೆಯಾ?

ನಡುವೆ ಬಂದವಳು ಅವಳಲ್ಲ. ಇದನ್ನು ಮೊದಲೇ ಬರೆಯಬೇಕಾಗಿತ್ತು, ಧೈರ್ಯ ಬರಲಿಲ್ಲ. ಮೊದಲ ಕಾಗದದಲ್ಲಿ ನಾನು 'ನಾವು' ಅಂತ ಬರೆದಾಗ ಅದರಲ್ಲಿ ನೀನಿರಲಿಲ್ಲ. ನಾನು ಮತ್ತು ಅವಳು ಅಂತ ಬರೆದಿದ್ದೆ. ಸುದ್ದಿ ನಿನಗೆ ಹೇಳಿದೆ, ಅಷ್ಟೆ. ಒಬ್ಬಳೇ ತರಕಾರಿ ತರಲು ಹೊರಟರೂ 'ಹೋಗೋಣ ಅಂತಿದ್ದೇನೆ' ಅನ್ನುತ್ತೇವಲ್ಲ, ಹಾಗೆ ಬರೆದೆ. ನೀನು ಅದನ್ನು ಕರೆ ಅಂತ ಓದಿದೆ. ಓದಿದ್ದರಲ್ಲಿ ತಪ್ಪಿಲ್ಲ, ಬರೆದದ್ದೇ ಹಾಗಿತ್ತು. ನೀನು ಕುಣಿದದ್ದು, ರಜೆ ತೆಗೆದುಕೊಂಡದ್ದು, ಶೂ ತಂದದ್ದು ಎಲ್ಲ ಓದಿ ಎರಡು ವಾರ ನನಗೆ ಪೆನ್ನು ಹಿಡಿಯಲಾಗಲಿಲ್ಲ.

ಯಾಕೆ ಅವಳು, ಯಾಕೆ ನಾನಲ್ಲ ಅಂತ ಕೇಳುತ್ತೀಯ. ಕೇಳುವ ಮೊದಲೇ ಹೇಳುತ್ತೇನೆ. ನಿನ್ನ ಭಾವ ಹೋದ ಮೇಲೆ ಮನೆಯಲ್ಲಿ 'ನಾವು' ಅನ್ನುವ ಮಾತೇ ನಿಂತುಹೋಗಿತ್ತು. ನಾನು ತಿಂದೆ, ನಾನು ಮಲಗಿದೆ, ಎಲ್ಲ ನಾನು. ನೀನು ಬಂದೆ, ನನ್ನನ್ನು ತಬ್ಬಿಕೊಂಡು ಅತ್ತೆ, ಅಂಗಡಿಯಲ್ಲಿ ಸೀಸನ್ನು ಅಂತ ಹೊರಟೆ. ನಿನ್ನನ್ನು ದೂರುತ್ತಿಲ್ಲ. ನಾದಿನಿ ಬಂದ ಮಾರನೆಯ ಬೆಳಿಗ್ಗೆ ಅಡುಗೆಮನೆಯಿಂದ 'ಅತ್ತಿಗೆ, ನಾವು ಇವತ್ತು ಏನು ಮಾಡ್ಕೊಳ್ಳೋಣ?' ಅಂತ ಕೂಗಿ ಕೇಳಿದಳು. ಸತ್ತದ್ದು ಅವಳ ಅಣ್ಣನೂ ಹೌದು. ಅವತ್ತಿನಿಂದ ನನ್ನ ಬಾಯಲ್ಲಿ ನಾವು ಅಂದರೆ ನಾನು ಮತ್ತು ಅವಳು. ಅಭ್ಯಾಸವಾಗಿಬಿಟ್ಟಿದೆ.

ಇನ್ನೊಂದು ಮಾತೂ ಇದೆ, ಅದು ನಿನಗೆ ಕಹಿಯಾಗುತ್ತದೆ. ನೀನಿದ್ದರೆ ನಾನು ಅಕ್ಕ. ರೈಲಿನಲ್ಲಿ ಕಿಟಕಿ ಯಾರಿಗೆ, ಚಿಕ್ಕವಳಿಗೆ. ಎರಡು ಫ್ರಾಕಿನಲ್ಲಿ ಚೆನ್ನಾಗಿರುವುದು ಯಾರಿಗೆ, ಚಿಕ್ಕವಳಿಗೆ. 'ಅವಳಿಗೆ ಬಿಡು, ನೀನು ದೊಡ್ಡವಳಲ್ವಾ' ಅಂತ ಅಮ್ಮ ಅಂದ ಸಲವೆಲ್ಲ ನಿನ್ನನ್ನು ನೋಡಿ ನನ್ನ ಹೊಟ್ಟೆಯೂ ಉರಿಯುತ್ತಿತ್ತು. ನಿನಗೊಬ್ಬಳಿಗೇ ಹೊಟ್ಟೆಕಿಚ್ಚು ಬರುತ್ತದೆ ಅಂತ ತಿಳಿಯಬೇಡ. ನಮ್ಮ ಮಂಚದ ದೋಣಿ ಎಷ್ಟು ಚೆನ್ನಾಗಿತ್ತು ಅಂತ ಬರೆದಿದ್ದೀಯ. ನಿನಗೆ ಚೆನ್ನಾಗಿತ್ತು. ಹುಟ್ಟು ಹಾಕಿ ಹಾಕಿ ನನ್ನ ತೋಳು ನೋಯುತ್ತಿತ್ತು. ನಾದಿನಿ ರೂಮಿನ ಚಿತ್ರ ತೋರಿಸಿದ ತಕ್ಷಣ 'ಕಿಟಕಿ ಪಕ್ಕ ನಿಮಗೆ ಅತ್ತಿಗೆ' ಅಂದಳು. ನಾನು ಕೇಳಿಯೂ ಇರಲಿಲ್ಲ. ನಾಲ್ಕು ದಿನವಾದರೂ ಯಾರಿಗೂ ಅಕ್ಕನಾಗದೆ ಕಿಟಕಿ ಪಕ್ಕ ಮಲಗಬೇಕು ಅನ್ನಿಸಿತು.

ಟಿಕೆಟ್ಟಿನ ಮೇಲೆ ಅವಳ ಹೆಸರಿದೆ. ಬದಲಾಯಿಸಿ ನಿನ್ನ ಹೆಸರು ಹಾಕಿಸಬಹುದಂತೆ, ಅವಳೇ ವಿಚಾರಿಸಿಕೊಂಡು ಬಂದಿದ್ದಾಳೆ. ನೀನು ಬರುತ್ತೇನೆ ಅಂದರೆ ನಾನು ಬೇಡ ಅನ್ನುವುದಿಲ್ಲ. ನಿನಗೆ ಬೇಡ ಅಂದು ನನಗೆ ಅಭ್ಯಾಸವಿಲ್ಲ. ಏನು ಮಾಡಲಿ, ನೀನೇ ಹೇಳು.

ಅಕ್ಕ


ಏಪ್ರಿಲ್ 21

ಅಕ್ಕಾ,

ಎಷ್ಟೋ ಸಲ ಬರೆದು ಹರಿದು ಹಾಕಿದೆ ಅಂತ ಹೇಳಿದರೆ ಸಿನಿಮಾದ ಹಾಗಿರುತ್ತದೆ. ನಿಜವೆಂದರೆ ಒಂದು ಸಾಲೂ ಬರೆಯಲಿಲ್ಲ. ನಿನ್ನ ಮೇಲೆ ಸಿಟ್ಟು, ಅವಳ ಮೇಲೆ ಸಿಟ್ಟು, ಎಲ್ಲಕ್ಕಿಂತ ಆ 'ನಾವು' ಅನ್ನುವ ಮಾತಿನ ಮೇಲೆ ಸಿಟ್ಟು. ಕರೆಯದ ಮನೆಗೆ ಹೊಸ ಶೂ ಹಾಕಿಕೊಂಡು ಹೋಗಿ ಸೋಫಾದ ಮೇಲೆ ಕೂತ ಹಾಗಾಯಿತು. ಅದೂ ಸಾಲದು ಅಂತ ಮನೆಯವರಿಗೇ ಎದ್ದು ಹೋಗಿ ಅಂದಿದ್ದೇನೆ. ಮೈಯೆಲ್ಲ ನಾಚಿಕೆ.

ಮೊದಲು ಏನು ಅನ್ನಿಸಿತು ಅಂತ ಮುಚ್ಚಿಡುವುದಿಲ್ಲ. ಹೆಸರು ಬದಲಾಯಿಸಲಿ, ನಾನೇ ಹೋಗುತ್ತೇನೆ ಅನ್ನಿಸಿತು. ಅವಳೇ ಬಿಟ್ಟುಕೊಡುತ್ತಿದ್ದಾಳೆ, ನೀನೂ ಬೇಡ ಅನ್ನುವುದಿಲ್ಲ, ಇನ್ನೇನು? ಶೂ ಹಾಕಿಕೊಂಡು ಕನ್ನಡಿಯ ಮುಂದೆ ನಿಂತೂ ನೋಡಿದೆ.

ಹೋದ ವಾರ ಬೇಸಿಗೆಯ ಶೋಕೇಸು ಸಿಂಗರಿಸಬೇಕಾಗಿತ್ತು. ಮನಸ್ಸಿನಲ್ಲಿದ್ದದ್ದೇ ಕೈಗೆ ಬಂತು. ಬಡಗಿಯವರ ಹತ್ತಿರ ಹೇಳಿ ತೆಳು ಹಲಗೆಯ ದೋಣಿ ಮಾಡಿಸಿದೆ, ಕೆಳಗೆ ನೀಲಿ ಬಟ್ಟೆ ನೆರಿಗೆ ನೆರಿಗೆಯಾಗಿ ಹಾಸಿದೆ, ಹಿಂದೆ ಒಂದು ಕಮಾನಿನ ಸೇತುವೆ. ದೋಣಿಯಲ್ಲಿ ಎರಡು ಬೊಂಬೆ, ದಿಂಬಿಗೆ ಒರಗಿ ಕೂತಿವೆ, ಹೂವಿನ ಫ್ರಾಕು, ಕಪ್ಪು ಕನ್ನಡಕ. ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಭೇಷ್ ಅಂದುಕೊಂಡೆ. ಮ್ಯಾನೇಜರ್ ಬಂದರು, ಆ ಕಡೆ ಈ ಕಡೆ ನೋಡಿದರು. 'ಎಲ್ಲ ಚೆನ್ನಾಗಿದೆ. ದೋಣಿ ನಡೆಸೋರು ಯಾರಮ್ಮಾ?' ಅಂದರು.

ನನಗೆ ಹೊಳೆದೇ ಇರಲಿಲ್ಲ, ಅಕ್ಕ. ಹುಟ್ಟು ಇಡುವುದನ್ನೇ ಮರೆತಿದ್ದೆ. ನನಗೆ ದೋಣಿ ಅಂದರೆ ಒರಗಿ ಕೂರುವುದು, ಅದು ತಾನಾಗಿ ಹೋಗುತ್ತದೆ. ಪೊರಕೆ ಒಂದು ಸಲವೂ ನನ್ನ ಕೈಗೆ ಬಂದಿರಲಿಲ್ಲ, 'ಸ್ವಲ್ಪ ನೀನು ಕೂತ್ಕೋ, ನಾನು ಹಾಕ್ತೀನಿ' ಅಂತ ನಾನು ಅಂದೂ ಇರಲಿಲ್ಲ. ಬೊಂಬೆಗಳ ಮುಂದೆ ನಿಂತು ಅತ್ತೆ. ಮ್ಯಾನೇಜರ್ ಗಾಬರಿಯಾಗಿ 'ಹೋಗ್ಲಿ ಬಿಡಮ್ಮಾ, ಹುಟ್ಟು ಬೇಡ' ಅಂದರು.

ನಾನು ಬರುವುದಿಲ್ಲ. ಅವಳು ಬಿಟ್ಟುಕೊಟ್ಟದ್ದನ್ನು ತೆಗೆದುಕೊಂಡರೆ ನಾನು ಮತ್ತೆ ಅದೇ ಚಿಕ್ಕವಳು. ಟೋಪಿಯನ್ನು ಕಪಾಟಿನ ಮೇಲಿಂದ ಇಳಿಸಲು ಹೇಳು, ಅಂಚು ಮಡಚಿಕೊಂಡರೆ ಸರಿಮಾಡುವುದು ಕಷ್ಟ. ಒಳಗೆ ಕಾಗದ ಉಂಡೆ ಮಾಡಿ ತುಂಬಿಟ್ಟರೆ ಆಕಾರ ಕೆಡುವುದಿಲ್ಲ. ಅವಳಿಗೆ ಬೇರೆ ಕಾಗದ ಬರೆದಿದ್ದೇನೆ, ಕ್ಷಮಿಸಿ ಅಂತ. ಆ ಒಂದು ಮಾತು ಬರೆಯುವುದಕ್ಕೆ ಬೆವರು ಬಂತು.

ಹೊಟ್ಟೆಕಿಚ್ಚು ಆರಿತು ಅಂದುಕೊಳ್ಳಬೇಡ. ಸಕ್ಕರೆ ಡಬ್ಬ ನೆನಪಾದಾಗಲೆಲ್ಲ ಉರಿಯುತ್ತದೆ, ಉರಿಯಲಿ. ನೀನು ಕಿಟಕಿ ಪಕ್ಕ ಮಲಗು.

ಬಿಸ್ಕತ್ತಿನ ಡಬ್ಬ ಬೇರೆ ಪಾರ್ಸೆಲಿನಲ್ಲಿ ಬರುತ್ತದೆ. ಅದು ನನ್ನ ಹತ್ತಿರ ಯಾಕಿತ್ತು ಅಂತ ಯೋಚಿಸಿದೆ. ಕೇಳಿದ್ದೆ, ನೀನು ಕೊಟ್ಟಿದ್ದೆ.

ಮೆಣಸು


ಏಪ್ರಿಲ್ 30

ಮೆಣಸು,

ಡಬ್ಬ ಬಂತು. ಒಳಗಿನ ಗುಂಡಿಗಳನ್ನೂ ಹಾಗೇ ಕಳಿಸಿದ್ದೀಯ, ಅಮ್ಮನ ಹಸಿರು ಕೋಟಿನದು ಕೂಡ. ಮುಚ್ಚಳದ ಮೇಲೆ ನೀನು ಹೆಬ್ಬೆರಳಿಟ್ಟು ಹಿಡಿಯುತ್ತಿದ್ದ ಕಡೆ ಬಣ್ಣ ಹೋಗಿದೆ. ಅಲ್ಲಿ ದೋಣಿ ನಡೆಸುವವನಿದ್ದ, ಈಗ ಬರೀ ತಗಡು.

ನಾದಿನಿ ನಿನ್ನ ಕಾಗದವನ್ನು ನನಗೆ ತೋರಿಸಲಿಲ್ಲ. ಏನು ಬರೆದಿದ್ದಾಳೆ ಅಂತ ಕೇಳಿದೆ. 'ಅದು ನಮ್ಮಿಬ್ಬರ ವಿಷಯ' ಅಂದಳು. ಈಗ ನನಗೇ ಸ್ವಲ್ಪ ಹೊಟ್ಟೆ ಉರಿಯಿತು.

ಟೋಪಿ ಕೆಳಗೆ ಬಂದಿದೆ. ಮೇ ಹನ್ನೊಂದಕ್ಕೆ ಹೊರಡುತ್ತೇವೆ. ನಿನಗೆ ಏನು ತರಲಿ ಅಂತ ಕೇಳುವುದಿಲ್ಲ, ಕೀಚೈನು ಅನ್ನುತ್ತೀಯ.

ಅಕ್ಕ


ಮೇ 14, ನೀರೂರು

ಮೆಣಸು,

ನಾವು (ನಾನು, ನಾದಿನಿ) ಸುಖವಾಗಿ ತಲುಪಿದೆವು. ಇಷ್ಟು ಸಣ್ಣ ಕಾರ್ಡಿನಲ್ಲಿ ಹಿಡಿಸುವಷ್ಟು ಬರೆಯುತ್ತೇನೆ. ಸೇತುವೆ ಸಿಕ್ಕಿತು, ಒಂದೇ ಕಮಾನು. ಕಿಟಕಿ ಪಕ್ಕ ಮೂರು ರಾತ್ರಿ ಮಲಗಿದೆ, ಸೊಳ್ಳೆ ಜಾಸ್ತಿ, ಆದರೂ ಬಿಡಲಿಲ್ಲ. ಈಜು ಕಲಿಸುವವಳಿಗೆ ದೋಣಿಯಲ್ಲಿ ತಲೆಸುತ್ತು ಬಂತು, ಅಂಚು ಹಿಡಿದು ಕೂತಿದ್ದಳು, ಟೋಪಿ ಹಾರಿ ಕಾಲುವೆಗೆ ಬಿತ್ತು. ನಿನಗೆ ಖುಷಿಯಾಗಲಿ ಅಂತ ಇದನ್ನು ಬರೆದೆ.

ನೀನು ಇರಬೇಕಾಗಿತ್ತು ಅಂತ ಸುಳ್ಳು ಬರೆಯುವುದಿಲ್ಲ, ನೀನಿಲ್ಲದೆ ಚೆನ್ನಾಗಿತ್ತು. ಒಂದೇ ಒಂದು ಸಲ ಬಿಟ್ಟು. ದೋಣಿಯಲ್ಲಿ ಒರಗಿ ಕೂತಾಗ ನನಗರಿವಿಲ್ಲದೆ 'ದೋಣಿಯವನೇ, ಸ್ವಲ್ಪ ಬೇಗ' ಅಂದೆ, ನಮ್ಮ ಭಾಷೆಯಲ್ಲೇ. ಅವನಿಗೆ ಅರ್ಥವಾಗಲಿಲ್ಲ. ನಗುತ್ತಾ ಪಕ್ಕಕ್ಕೆ ತಿರುಗಿದೆ, ಯಾಕೆ ನಗು ಅಂತ ನಾದಿನಿಗೂ ಅರ್ಥವಾಗಲಿಲ್ಲ. ಹೇಳಿ ಅರ್ಥಮಾಡಿಸುವುದು ಬೇಡ ಅನ್ನಿಸಿತು.

ಮುಂದಿನ ಮೇ ತಿಂಗಳಲ್ಲಿ ನಾವು ಇಲ್ಲಿಗೆ ಬರೋಣ. 'ಅಂತಿದ್ದೇನೆ' ಹಾಕಿಲ್ಲ, ನೋಡಿಕೋ.

ಅಕ್ಕ


ಮೇ 25

ಅಕ್ಕಾ,

ಕಾರ್ಡು ಬಂತು. ಟೋಪಿ ಮುಳುಗಿತಾ, ತೇಲಿಕೊಂಡು ಹೋಯಿತಾ, ಅದನ್ನು ಬರೆದೇ ಇಲ್ಲ. ಅವಳಿಗೆ ಪಾಪ ಅನ್ನು. ಅರ್ಧ ನಿಜವಾಗಿ ಅನ್ನುತ್ತಿದ್ದೇನೆ.

'ನೀನಿಲ್ಲದೆ ಚೆನ್ನಾಗಿತ್ತು' ಅನ್ನುವ ಸಾಲು ಓದಿ ಕಾರ್ಡನ್ನು ಮೇಜಿನ ಮೇಲೆ ಮಗುಚಿ ಹಾಕಿ ಸ್ನಾನಕ್ಕೆ ಹೋದೆ. ಮೈಮೇಲೆ ನೀರು ಬಿದ್ದರೂ ಉರಿ ಇಳಿಯಲಿಲ್ಲ. ಬಂದು ಉಳಿದದ್ದನ್ನು ಓದಿದೆ. ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದೆ, 'ಅಂತಿದ್ದೇನೆ' ಎಲ್ಲಾದರೂ ಸಣ್ಣದಾಗಿ ಇದೆಯಾ ಅಂತ ಕಾರ್ಡಿನ ಅಂಚನ್ನೂ ನೋಡಿದೆ. ಇಲ್ಲ.

ಹೋಗೋಣ. ಕಿಟಕಿ ಪಕ್ಕ ಯಾರು ಮಲಗುವುದು ಅಂತ ಅಲ್ಲಿಗೆ ಹೋಗಿಯೇ ಜಗಳ ಆಡೋಣ. ಪೊರಕೆ ನಾನು ತರುತ್ತೇನೆ.

ಮೆಣಸು